ಬಂಡೆಗಳ ನಾಡಿನಲ್ಲಿ ಬಾಡಿಗೆ ಸೈಕಲ್

ಸೈಕಲ್ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಬೆಳಗ್ಗೆ ಬಾಗಿಲಿಗೆ ಬರುವ ಹಾಲಿನವನೇ? ಸಂಜೆ ಸೊಪ್ಪು ಮಾರುವವನೇ? ಅಥವಾ ನನ್ನ ಹಾಗೆ, ಅಪ್ಪ ಊಟ ಮಾಡಿ ಮಲಗಿದ ಹೊತ್ತು ನೋಡಿ ಕದ್ದು ತಳ್ಳಿಕೊಂಡು ಹೋದ ಆ ದೊಡ್ಡ ಕರಿ ಸೈಕಲ್ಲೇ? ಹಾಗಿದ್ದರೆ ಸೋದರಿಯರೆ, ಒಲೆ ಸಣ್ಣಗೆ ಮಾಡಿ ಸ್ವಲ್ಪ ಕುಳಿತುಕೊಳ್ಳಿ. ಐವತ್ತಾರನೆಯ ವಯಸ್ಸಿನಲ್ಲಿ ನಾನು, ಅರವತ್ತೊಂದನೆಯ ವಯಸ್ಸಿನಲ್ಲಿ ನನ್ನ ಅಕ್ಕ, ಹಂಪಿಯ ಬಂಡೆಗಳ ನಡುವೆ ಎರಡು ದಿನ ಸೈಕಲ್ ತುಳಿದು ಬಂದ ಕತೆಯನ್ನು ನಿಮಗೆ ಹೇಳಬೇಕಾಗಿದೆ.

ನಮ್ಮದು ಹುಣಸೂರು. ನಮಗೇನು ಕಾಡಿಗೆ ಬರವೇ! ವೀರನಹೊಸಹಳ್ಳಿ ಗೇಟು ದಾಟಿದರೆ ಸಾಕು, ನಾಗರಹೊಳೆಯ ಕಾಡು. 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡು ಒಂದು ಕಡೆ ಕೊಡಗಿಗೂ ಇನ್ನೊಂದು ಕಡೆ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿಗೂ ಹಬ್ಬಿದೆ. ಆದರೆ ಹುಲಿ, ಆನೆ ಓಡಾಡುವ ಜಾಗದಲ್ಲಿ ಸೈಕಲ್ ತುಳಿಯುವ ಮಾತೇ ಇಲ್ಲ, ಇರಲೂಬಾರದು. ಬೆಟ್ಟ ಬಂಡೆಯೆಂದರೆ ನಮ್ಮ ತಾಲ್ಲೂಕಿನಲ್ಲಿ ಬಾಹುಬಲಿ ನಿಂತಿರುವ ಗೊಮ್ಮಟಗಿರಿ, ಪಿರಿಯಾಪಟ್ಟಣದ ಕಡೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ. ಎರಡೂ ಚೆನ್ನ. ಆದರೆ ಅವು ಹತ್ತುವ ಬೆಟ್ಟಗಳು, ತುಳಿಯುವ ದಾರಿಗಳಲ್ಲ.

ನನ್ನ ಸೈಕಲ್ ಹುಚ್ಚಿಗೆ ಕಾರಣ ನನ್ನ ಮಗಳೇ. ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಯಿತಲ್ಲ, ಹಾಗೆ ಅವಳಿಗೂ ಒಂದು ಸಿಕ್ಕಿತ್ತು. ಅವಳು ಓದು ಮುಗಿಸಿ ಬೆಂಗಳೂರು ಸೇರಿದಳು, ಸೈಕಲ್ ಹಿತ್ತಲಲ್ಲಿ ಸೌದೆಗೆ ಒರಗಿ ನಿಂತಿತು. ಒಂದು ದಿನ ರೇಷನ್ ಅಂಗಡಿಗೆ ಹೋಗಲು ಆಟೋ ಸಿಗದೆ, ಅದರ ಧೂಳು ಕೊಡವಿ ಹತ್ತಿಯೇಬಿಟ್ಟೆ. ಬೀದಿಯವರು ನಕ್ಕರು. ಮೂರು ದಿನ ನಕ್ಕರು, ನಾಲ್ಕನೇ ದಿನ ಎದುರು ಮನೆಯಾಕೆ ಬಂದು, "ನಂಗೂ ಒಸಿ ಹೇಳ್ಕೊಡಿ" ಅಂದರು! ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರಂತೆ. ಕೂಲಿಯವರು, ಕಲ್ಲು ಒಡೆಯುವವರು, ಅಂಗನವಾಡಿಯವರು ಸಾವಿರಾರು ಜನ ಕಲಿತರು. ನೀರು ತರುವುದಕ್ಕೆ, ಸಂತೆಗೆ ಹೋಗುವುದಕ್ಕೆ ಇನ್ನೊಬ್ಬರ ದಾರಿ ಕಾಯುವುದು ತಪ್ಪಿತು. ಅದನ್ನು ಓದಿದ ಮೇಲೆ ನನಗೂ ನಾಚಿಕೆ ಹೋಯಿತು.

ಇದನ್ನು ಕಂಡೇ ಮಗಳು ಹೇಳಿದಳು: "ಅಮ್ಮ, ಹಂಪಿಗೆ ಹೋಗಣ. ಅಲ್ಲಿ ಬಾಡಿಗೆಗೆ ಸೈಕಲ್ ಸಿಗತ್ತೆ. ಬಂಡೆಗಳ ಮಧ್ಯೆ ರೋಡು. ನಿಂಗೆ ಹಬ್ಬ!"

ಫೆಬ್ರುವರಿ ಕೊನೆಯ ವಾರ ಹೊರಟೆವು. ಮೈಸೂರಿನಿಂದ ಹಂಪಿ ಎಕ್ಸ್‌ಪ್ರೆಸ್ ಸಂಜೆ ಹೊರಟರೆ ಬೆಳಗ್ಗೆ ಹೊಸಪೇಟೆ. ಹುಣಸೂರಿನಿಂದ ನಲವತ್ತೈದು ಕಿಲೋಮೀಟರ್ ಬಸ್ಸಿನಲ್ಲಿ ಬಂದು ರೈಲು ನಿಲ್ದಾಣದೊಳಗೆ ಕಾಲಿಟ್ಟರೆ, ಕಂಬಿಯ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಯಾರು ಕೂತಿದ್ದಾರೆ ಅಂತೀರಿ? ನನ್ನ ಅಕ್ಕ!

ಇಲ್ಲಿ ನಿಮಗೆ ಒಂದು ಮನೆಯ ಮಾತು ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಕ್ಕನೂ ನಾನೂ ಎಂಟು ವರ್ಷದಿಂದ ಮದುವೆ ಮನೆಯಲ್ಲಿ "ಚೆನ್ನಾಗಿದ್ದೀಯಾ?", "ಹ್ಞೂಂ" ಅನ್ನುವಷ್ಟೇ ಮಾತಾಡಿದವರು. ನಮ್ಮ ಅವ್ವ ಕೊನೆಯ ಆರು ವರ್ಷ ಪಿರಿಯಾಪಟ್ಟಣದಲ್ಲಿ ಅಕ್ಕನ ಮನೆಯಲ್ಲಿದ್ದಳು. ಅವ್ವನ ಕತ್ತಿನಲ್ಲಿ ಎರಡೆಳೆ ಸರವೊಂದಿತ್ತು. ಅವ್ವ ಹೋದಾಗ ಅದು ಕಾಣಲಿಲ್ಲ. ತಿಥಿಯ ದಿನ ಪಂಕ್ತಿಗೆ ಕೂತ ನೆಂಟರ ಮುಂದೆಯೇ ನಾನು, "ಅವ್ವನ ಸರ ಎಲ್ಲಕ್ಕ?" ಅಂದುಬಿಟ್ಟೆ. ಅಕ್ಕ ಉತ್ತರ ಕೊಡಲಿಲ್ಲ. ಕೈಯಲ್ಲಿದ್ದ ಸಾರಿನ ಪಾತ್ರೆ ಇಟ್ಟು ಒಳಗೆ ಹೋದಳು. ಅಷ್ಟೆ. ಆಮೇಲೆ ನಮ್ಮ ಮಧ್ಯೆ ಮಾತು ಮುಗಿಯಿತು.

ಮಗಳು ನನಗೆ ಹೇಳದೆ ದೊಡ್ಡಮ್ಮನಿಗೆ ಫೋನು ಮಾಡಿ ಟಿಕೆಟು ತೆಗೆಸಿದ್ದಳು. ರೈಲು ರಾಮನಗರ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಕಿಟಕಿಯಾಚೆ ಕಪ್ಪಗೆ ಬಂಡೆಗುಡ್ಡಗಳ ಆಕಾರ. ಮಗಳು ಹೇಳಿದಳು, ಆ ಊರಿಗೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅಲ್ಲಿಂದ ಹಂಪಿಯ ಕಡೆಗೂ ಚಾಚಿರುವ ಈ ಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೇಳುತ್ತಾರೆ ಎಂದು. ಅಕ್ಕ ಕಿಟಕಿ ಕಡೆ ನೋಡುತ್ತಲೇ, "ನಾನು ಸೈಕಲ್ ಗೀಕಲ್ ತುಳಿಯಲ್ಲ ಕಣವ್ವ. ವಿರೂಪಾಕ್ಷನ್ನ ನೋಡ್ಕಂಡು ಬತ್ತೀನಿ" ಅಂದಳು. ಹೇಳಿದ್ದು ಮಗಳಿಗೆ. ನನಗಲ್ಲ.

ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್. 2021ರಿಂದ ಇದು ವಿಜಯನಗರ ಜಿಲ್ಲೆ. ದೇವಸ್ಥಾನದ ಹತ್ತಿರ ಒಂದು ಸಣ್ಣ ಕೋಣೆ ಹಿಡಿದು, ಸ್ನಾನ ಮಾಡಿ, ವಿರೂಪಾಕ್ಷನ ದರ್ಶನ ಮುಗಿಸಿ ಸೈಕಲ್ ಅಂಗಡಿಗೆ ಬಂದೆವು. ಅಂಗಡಿಯವನು, "ಯಾವ್ದು ಬೇಕು ನೋಡ್ರಿ ಅಮ್ಮಾರೆ, ಬ್ರೇಕು ಎಲ್ಲಾ ಚಲೋ ಅದಾವ" ಅಂದ. ನಾನು ಒಂದನ್ನು ಆರಿಸುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಒಂದು ಲೇಡೀಸ್ ಸೈಕಲ್ಲಿನ ಪೆಡಲನ್ನು ಕಾಲಿನಿಂದ ಹಿಂದಕ್ಕೆ ತಿರುಗಿಸಿ ಚೈನಿನ ಸದ್ದು ಕೇಳುತ್ತಿದ್ದಾಳೆ! ಆಮೇಲೆ ಗಾಳಿ ಒತ್ತಿ ನೋಡಿದಳು. ಸೆರಗು ಸೊಂಟಕ್ಕೆ ಸುತ್ತಿ ಸಿಕ್ಕಿಸಿದಳು. "ಸೀಟು ಒಸಿ ಇಳ್ಸಪ್ಪ" ಅಂದಳು. ಎರಡು ಸಾರಿ ಓಲಾಡಿ, ಮೂರನೆಯ ಸಾರಿಗೆ ಹೊರಟೇಹೋದಳು.

ನನಗೆ ಗಂಟಲು ಕಟ್ಟಿತು. ಏಕೆ ಗೊತ್ತೆ? ಕೆ.ಆರ್. ನಗರ ತಾಲ್ಲೂಕಿನ ನಮ್ಮೂರಿನ ಕೆರೆಯಂಗಳದಲ್ಲಿ ನನಗೆ ಸೈಕಲ್ ಕಲಿಸಿದವಳೇ ಅವಳು. ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದೆ, ಅವಳು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದಳು. ಹದಿನೆಂಟಕ್ಕೆ ಮದುವೆಯಾಯಿತು. ಅಲ್ಲಿಗೆ ಅವಳ ಸೈಕಲ್ ಮುಗಿಯಿತು. ನನಗೆ ಅದೆಲ್ಲ ಮರೆತೇಹೋಗಿತ್ತು, ಸರ ಮಾತ್ರ ನೆನಪಿತ್ತು.

ಹಂಪಿ ಬಜಾರಿನಿಂದ ಕಮಲಾಪುರಕ್ಕೆ ಸುಮಾರು ನಾಲ್ಕು ಕಿಲೋಮೀಟರ್ ದಾರಿ. ಶುರುವಿನಲ್ಲೇ ಹೇಮಕೂಟದ ಪಕ್ಕ ಒಂದು ಏರು. ಇಳಿದು ತಳ್ಳಿ, ಯಾವ ಅವಮಾನವೂ ಇಲ್ಲ. ಏರಿನಲ್ಲೇ ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ. ಅಡುಗೆಮನೆಯ ಹೆಸರು ಕೇಳಿ ಸಣ್ಣ ಮೂರ್ತಿಗಳಿರಬೇಕು ಅಂದುಕೊಂಡೀರಿ! ಸಾಸಿವೆಕಾಳು ಎಂಟು ಅಡಿ, ಕಡಲೆಕಾಳು ಹದಿನೈದು ಅಡಿ, ಒಂದೊಂದೂ ಒಂದೇ ಬಂಡೆಯಲ್ಲಿ ಕಡೆದದ್ದು. ಮುಂದೆ ಕೃಷ್ಣದೇವರಾಯ 1513ರಲ್ಲಿ ಕಟ್ಟಿಸಿದ ಕೃಷ್ಣ ದೇವಾಲಯ, ಆಮೇಲೆ 1528ರ ಉಗ್ರನರಸಿಂಹ. ಇಪ್ಪತ್ತೆರಡು ಅಡಿಯ ಆ ಮೂರ್ತಿಯ ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಈಗ ಲಕ್ಷ್ಮಿ ಇಲ್ಲ. ನರಸಿಂಹನ ಬೆನ್ನು ಬಳಸಿದ್ದ ಅವಳ ಕೈ ಮಾತ್ರ ಉಳಿದಿದೆ. ಪಕ್ಕದಲ್ಲೇ ಬಡವಿಲಿಂಗ. ಒಬ್ಬ ಬಡ ಹೆಂಗಸು ಹರಕೆ ಹೊತ್ತು ಮಾಡಿಸಿದ್ದೆಂದು ಜನ ಹೇಳುತ್ತಾರೆ. ಕಾಲುವೆಯ ನೀರು ಸದಾ ಅದರ ಬುಡ ತೊಳೆಯುತ್ತಿರುತ್ತದೆ. ಅರಸರ ಊರಿನಲ್ಲಿ ಒಬ್ಬ ಬಡವಿಯ ಹೆಸರು ಕಲ್ಲಿನ ಜೊತೆ ಉಳಿದಿದೆಯಲ್ಲ, ಅದಕ್ಕೆ ಕೈಮುಗಿದೆವು.

ಆದರೆ ಗುಡಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಂಡೆಗಳು. ದಾರಿಯ ಎರಡೂ ಕಡೆ, ಯಾರೋ ರಾಕ್ಷಸಿ ಸಂತೆಯಿಂದ ಬಂದು ಚೀಲ ಕೊಡವಿದ ಹಾಗೆ, ಉಂಡೆ ಉಂಡೆ ಬಂಡೆ. ಒಂದರ ಮೇಲೊಂದು, ಬೆರಳು ತಾಗಿಸಿದರೆ ಬಿದ್ದೀತು ಅನ್ನುವ ಹಾಗೆ. ವಾಲಿ ಸುಗ್ರೀವರು ಕಾದಾಡುವಾಗ ಎಸೆದದ್ದು ಎಂದು ಕತೆ. ವಿಜ್ಞಾನ ಬೇರೆ ಹೇಳುತ್ತದೆ. ಈ ಶಿಲೆಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಯಾರೂ ಎತ್ತಿ ಜೋಡಿಸಿದ್ದಲ್ಲ, ಭೂಕಂಪ ಉರುಳಿಸಿದ್ದೂ ಅಲ್ಲ. ನೆಲದೊಳಗೆ ಇಡೀ ಬಂಡೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟಿತು. ನಾವು ಬರ್ಫಿ ತಟ್ಟೆಗೆ ಚಾಕು ಎಳೆಯುತ್ತೇವಲ್ಲ, ಹಾಗೆ. ಬಿರುಕಿನೊಳಗೆ ನೀರಿಳಿದು ಮೂಲೆಗಳನ್ನು ಮೊದಲು ತಿಂದಿತು, ಚೌಕ ತುಂಡುಗಳು ಗುಂಡಗಾದವು. ಕಾಲಾನುಕಾಲಕ್ಕೆ ಪುಡಿಯಾದ ಮಣ್ಣು ಮಳೆಗೆ ಕೊಚ್ಚಿಹೋಗಿ, ಗಟ್ಟಿ ಉಂಡೆಗಳು ಇದ್ದಲ್ಲೇ ಉಳಿದವು. ಬಿದ್ದ ಹಾಗೆ ಕಂಡರೂ ಅವು ಬಿದ್ದವಲ್ಲ, ಸುತ್ತಲಿನದು ಸವೆದುಹೋದ ಮೇಲೆ ನಿಂತವು.

ಅದೇ ದಾರಿಯಲ್ಲಿದೆ ಅಕ್ಕ-ತಂಗಿ ಗುಡ್ಡ. ಎರಡು ಭಾರಿ ಬಂಡೆಗಳು ತಲೆಗೆ ತಲೆ ಕೊಟ್ಟು ಒರಗಿಕೊಂಡಿದ್ದ ಜಾಗ. ಇಬ್ಬರು ಅಕ್ಕತಂಗಿಯರು ಹಂಪಿಯ ಸಿರಿ ನೋಡಲು ಬಂದರಂತೆ, ನೋಡಿ ಹೊಟ್ಟೆಕಿಚ್ಚುಪಟ್ಟು ಊರನ್ನು ಹಳಿದರಂತೆ, ಊರ ದೇವತೆ ಇಬ್ಬರನ್ನೂ ಕಲ್ಲಾಗಿಸಿದಳಂತೆ. ಈಚಿನ ವರ್ಷಗಳಲ್ಲಿ ಒಂದು ಬಂಡೆಯ ಭಾಗ ಕುಸಿದಿದೆ. ಮಗಳು ಫೋಟೋ ತೆಗೆಯಲು ಆ ಕಡೆ ಹೋದಳು. ನಾವಿಬ್ಬರೂ ರಸ್ತೆಯ ಈಚೆ ಮರದ ನೆರಳಲ್ಲಿ ಸೈಕಲ್ ನಿಲ್ಲಿಸಿ ನೀರು ಕುಡಿದೆವು.

ಅಕ್ಕ ಬಂಡೆ ನೋಡುತ್ತಲೇ ಶುರು ಮಾಡಿದಳು. "ಅವ್ವನೇ ಬಿಚ್ಚಿಕೊಟ್ಟಿದ್ದು ಕಣೆ ಸರಾನ. ಆಸ್ಪತ್ರೆಗೆ ಅಂತ. ಆ ವರ್ಸ ಹೊಗೆಸೊಪ್ಪಿಗೂ ರೇಟು ಸಿಗ್ಲಿಲ್ಲ, ನಿಮ್ ಭಾವನ ಕೈಲೂ ಕಾಸಿರ್ಲಿಲ್ಲ. ಅಡವಿಟ್ಟೆ. ಬಿಡಿಸ್ಕಳಕ್ಕೆ ಆಗ್ಲಿಲ್ಲ, ಹೋಯ್ತು. 'ಚಿಕ್ಕೋಳಿಗೆ ಹೇಳ್ಬ್ಯಾಡ, ನೊಂದ್ಕತಾಳೆ' ಅಂದ್ಲು ಅವ್ವ."

"ನಂಗೆ ಹೇಳಬೌದಿತ್ತಲ್ಲಕ್ಕ" ಅಂದೆ.

"ನೀನು ಒಳಕ್ಕೆ ಕರ್ದು ಕೇಳಿದ್ರೆ ಹೇಳ್ತಿದ್ದೆ. ಚೀಟಿನೂ ಕೊಡ್ತಿದ್ದೆ. ಎಲೆ ಹಾಕ್ಕಂಡು ಕೂತಿದ್ದೋರ ಮುಂದೆ ಕೇಳ್ದೆ."

ನನ್ನಲ್ಲಿ ಮಾತಿರಲಿಲ್ಲ. ಸೋದರಿಯರೆ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇಂಥ ಒಂದು ಸರವೋ ಬಳೆಯೋ ಕೊಪ್ಪರಿಗೆಯೋ ಅಡ್ಡ ಕೂತಿದೆಯೋ ನಾನರಿಯೆ. ನನ್ನದನ್ನು ಹೇಳುತ್ತೇನೆ: ಆ ಎಂಟು ವರ್ಷದಲ್ಲಿ ಸರಕ್ಕಾಗಿ ನಾನು ಅತ್ತದ್ದುಂಟು. ಅವ್ವನ ಆರು ವರ್ಷದ ಬಟ್ಟೆ ಒಗೆದವರು ಯಾರು ಎಂದು ಒಮ್ಮೆಯೂ ಯೋಚಿಸಲಿಲ್ಲ.

ಬಿಸಿಲೇರುವ ಮುನ್ನ ಕಮಲಾಪುರ ಮುಟ್ಟಿ, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದೆವು. ಮಧ್ಯಾಹ್ನ ಸೈಕಲ್ಲನ್ನು ಅಲ್ಲೇ ಬಿಟ್ಟು, ಬಾಡಿಗೆ ಗಾಡಿಯಲ್ಲಿ ದರೋಜಿ ಕರಡಿಧಾಮಕ್ಕೆ ಹೋದೆವು. ಹಂಪಿಯಿಂದ ಸುಮಾರು ಹದಿನೈದು ಕಿಲೋಮೀಟರ್. ಕರಡಿ ತಿರುಗುವ ಸಂಜೆ ಹೊತ್ತಿನಲ್ಲಿ ಆ ಕಡೆ ಸೈಕಲ್ ಸಲ್ಲದು, ಇದನ್ನು ಮರೆಯಬೇಡಿ. ಸರ್ಕಾರ 1994ರಲ್ಲಿ ಬಿಳಿಕಲ್ಲು ಕಾಡಿನ 5,587 ಹೆಕ್ಟೇರನ್ನು ಕರಡಿಗಳಿಗೆಂದು ಘೋಷಿಸಿತು, 2009ರಲ್ಲಿ ಬುಕ್ಕಸಾಗರ ಕಾಡನ್ನೂ ಸೇರಿಸಿತು. ನಮ್ಮ ನಾಗರಹೊಳೆಯ ಹಾಗೆ ಎತ್ತರದ ಮರಗಳಿಲ್ಲ. ಕುರುಚಲು, ಮುಳ್ಳು, ಬಂಡೆ. ಬಂಡೆಗಳ ಸಂದಿಯ ಗವಿಗಳೇ ಕರಡಿಯ ಬಾಣಂತಿ ಕೋಣೆ. ಗೆದ್ದಲು, ಜೇನು, ಬಾರೆ ಹಣ್ಣು ಅದರ ಊಟ. ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲ ಬೆರೆಸಿದ ಹಿಟ್ಟು ಬಳಿದು ಹೋಗುತ್ತಾರೆ, ಅದನ್ನು ನೆಕ್ಕಲು ಕರಡಿಗಳು ಇಳಿದು ಬರುತ್ತವೆ.

ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ನಾಲ್ಕು ಗಂಟೆ ಕಳೆದ ಮೇಲೆ ಬಂಡೆಯ ಹಿಂದಿನಿಂದ ಒಂದು ತಾಯಿ ಕರಡಿ ಬಂತು. ಬೆನ್ನಿನ ಮೇಲೆ ಎರಡು ಮರಿ! ಕರಡಿ ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಹೊತ್ತು ತಿರುಗುತ್ತದೆ. ಮುಂದಿನ ಮರಿ ಕೂದಲು ಹಿಡಿದು ಗಟ್ಟಿಯಾಗಿ ಕೂತಿತ್ತು, ಹಿಂದಿನದು ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, "ಹಿಂದ್ಗಡೇದು ನೀನೇ ಕಣೆ" ಅಂದಳು. ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡೆವು. ಎಂಟು ವರ್ಷದ ಮೇಲೆ ಅವಳು ನನ್ನನ್ನು ಕಿಚಾಯಿಸಿದ್ದು ಅದೇ ಮೊದಲು.

ಮರುದಿನ ಬೆಳಗಿನ ತಂಪಿನಲ್ಲೇ ಕಮಲಾಪುರದಿಂದ ಕಂಪ್ಲಿ ರಸ್ತೆ ಹಿಡಿದು ಮಾಲ್ಯವಂತ ಬೆಟ್ಟಕ್ಕೆ ಹೋದೆವು. ಸೀತೆಯನ್ನು ಹುಡುಕುವಾಗ ರಾಮ ಲಕ್ಷ್ಮಣರು ಮಳೆಗಾಲ ಕಳೆದ ಜಾಗವಿದು ಎಂದು ನಂಬಿಕೆ. ರಘುನಾಥನ ಗುಡಿಯನ್ನು ಒಂದು ಭಾರಿ ಬಂಡೆಗೆ ಒತ್ತಿ ಕಟ್ಟಿದ್ದಾರೆ. ಗರ್ಭಗುಡಿಯ ಮೇಲೆ ಬಂಡೆಯೇ ತಲೆ ಎತ್ತಿ ನಿಂತಿದೆ. ಬಂಡೆಯನ್ನು ಒಡೆದು ಜಾಗ ಮಾಡದೆ, ಅದನ್ನೂ ಮನೆಯವರಲ್ಲಿ ಒಬ್ಬರೆಂದು ಇಟ್ಟುಕೊಂಡಿದ್ದಾರೆ.

ಬೆಟ್ಟದ ರಸ್ತೆ ಏರು ದಾರಿ. ಮಗಳು ಮುಂದೆ ಹೋಗಿದ್ದಳು. ನಾವಿಬ್ಬರೂ ತಳ್ಳುತ್ತಿದ್ದೆವು. ಅರ್ಧ ಏರಿನಲ್ಲಿ, ಏದುಸಿರು ಬಿಡುತ್ತಲೇ, "ಅಕ್ಕ, ಅವತ್ತು ನಾನು ಕೇಳಿದ್ದು ತಪ್ಪಾಯ್ತು" ಅಂದೆ.

"ಮೊದ್ಲು ಸೈಕಲ್ ತಳ್ಳು" ಅಂದಳು ಅಕ್ಕ. ಹತ್ತು ಹೆಜ್ಜೆ ಹೋದ ಮೇಲೆ ತನ್ನ ಸೈಕಲ್ಲನ್ನು ಬಂಡೆಗೆ ಒರಗಿಸಿ, ನನ್ನ ಹಿಂದೆ ಬಂದು ಕ್ಯಾರಿಯರ್ ಹಿಡಿದು ನೂಕಿದಳು.

ಸಮಯವಿದ್ದರೆ ನೀವು ತುಂಗಭದ್ರೆ ದಾಟಿ ಆನೆಗೊಂದಿಗೂ ಹೋಗಿ. ಹನುಮ ಹುಟ್ಟಿದನೆನ್ನುವ ಅಂಜನಾದ್ರಿಗೆ 575 ಮೆಟ್ಟಿಲು. ಊರೊಳಗೆ ಹೆಂಗಸರು ಬಾಳೆಯ ನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಈ ಕಸುಬನ್ನು ಬೆಳೆಸಿತು. ಗೊನೆ ಕಡಿದು ಎಸೆಯುವ ಬಾಳೆದಿಂಡಿನಿಂದ ಸಂಸಾರಕ್ಕೆ ಕಾಸು! ಕೆ.ಆರ್. ನಗರ, ಹುಣಸೂರಿನ ಬಾಳೆ ತೋಟದ ಮನೆಗಳವರು ನೋಡಬೇಕಾದದ್ದು.

ಹೊರಡುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಫೆಬ್ರುವರಿಯಲ್ಲೇ ಹತ್ತು ಗಂಟೆಯ ಬಿಸಿಲು ಚುರುಕು, ಏಪ್ರಿಲ್ಲಿನಲ್ಲಿ ಹೋದರೆ ನೀವೇ ಹಪ್ಪಳ. ಬೆಳಗ್ಗೆ ಆರೂವರೆಗೆ ಹೊರಟು ಹತ್ತಕ್ಕೆ ನೆರಳು ಸೇರಿ. ಚೂಡಿದಾರ್ ಅನುಕೂಲ. ಸೀರೆಯೇ ಆದರೆ ಹತ್ತಿಯದಿರಲಿ, ನೆರಿಗೆ ಮೇಲೆತ್ತಿ ಪಿನ್ ಹಾಕಿ, ಚೈನಿಗೆ ಮುಚ್ಚಳವಿರುವ ಸೈಕಲ್ ಕೇಳಿ. ಬಾಡಿಗೆ ಕೊಡುವ ಮೊದಲು ಎರಡೂ ಬ್ರೇಕು ಒತ್ತಿ ನೋಡಿ. ಸೀಟಿನ ಮೇಲೆ ಮಡಿಸಿದ ಹಳೆ ಟವಲ್ ಕಟ್ಟಿದರೆ ಮರುದಿನ ಕೂರುವುದಕ್ಕೆ ಕಷ್ಟವಾಗದು. ಮಂಡಿ ನೋವಿದ್ದವರು ಒಂದು ತಿಂಗಳು ಮೊದಲಿನಿಂದ ದಿನಾ ಅರ್ಧ ಗಂಟೆ ಮನೆಯ ಹತ್ತಿರವೇ ತುಳಿದು ಅಭ್ಯಾಸ ಮಾಡಿ. ಏರಿನಲ್ಲಿ ಹಟ ಬೇಡ. ಕೋತಿಗಳಿವೆ, ತಿಂಡಿ ಕೈಯಲ್ಲಿ ಹಿಡಿದು ನಡೆಯಬೇಡಿ.

ತಿಂಡಿ ಅಂದರೆ ನೆನಪಾಯಿತು. ಅಕ್ಕನ ಚೀಲದಲ್ಲಿ ಇದ್ದದ್ದು ರಾಗಿ ಹುರಿಹಿಟ್ಟಿನ ಉಂಡೆ. ಅವ್ವ ಮಾಡುತ್ತಿದ್ದ ಕ್ರಮ ಹೀಗೆ: ಒಂದು ಬಟ್ಟಲು ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿ, ಒಂದೆಳೆ ಪಾಕ ಬರುವವರೆಗೆ ಕಾಯಿಸಿ. ಇಳಿಸಿ, ಎರಡು ಬಟ್ಟಲು ಹುರಿಹಿಟ್ಟು, ಕಾಲು ಬಟ್ಟಲು ಹುರಿಗಡಲೆ ಪುಡಿ, ಒಂದು ಹಿಡಿ ಕೊಬ್ಬರಿ ತುರಿ, ಹುರಿದ ಎಳ್ಳು, ಏಲಕ್ಕಿ ಹಾಕಿ ಕಲಸಿ. ಕೈಗೆ ತುಪ್ಪ ಮುಟ್ಟಿಸಿಕೊಂಡು ಬಿಸಿಯಿರುವಾಗಲೇ ಉಂಡೆ ಕಟ್ಟಿ. ವಾರ ಕೆಡದು. ಎರಡು ಉಂಡೆ, ಒಂದು ಲೋಟ ನೀರು, ಹತ್ತು ಕಿಲೋಮೀಟರಿಗೆ ಸಾಕು. ದರೋಜಿಯಿಂದ ಬರುವಾಗ ಗಾಡಿಯಲ್ಲಿ ಅದನ್ನು ತಿನ್ನುತ್ತಾ ಅಕ್ಕ, "ಕರಡಿಗೂ ನಮಗೂ ಒಂದೇ ಊಟ" ಅಂದಿದ್ದಳು.

ಈಗ ಪಿರಿಯಾಪಟ್ಟಣದಲ್ಲಿ ಅಕ್ಕನ ಮನೆಯ ಜಗುಲಿಗೆ ಒಂದು ಹಳೆ ಲೇಡೀಸ್ ಸೈಕಲ್ ಬಂದಿದೆ, ಮೊಮ್ಮಗಳಿಗೆ ಅಂತ ಹೇಳಿ ತರಿಸಿದ್ದಾಳೆ. ಸಂಜೆ ತುಳಿಯುವವಳು ಯಾರೆಂದು ಬೀದಿಗೆಲ್ಲ ಗೊತ್ತು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮೊದಲ ಮಾತು, "ಚೈನಿಗೆ ಎಣ್ಣೆ ಬಿಟ್ಯಾ?"

ನಿಮ್ಮ ಹಿತ್ತಲಲ್ಲೂ ಮಕ್ಕಳು ಬಿಟ್ಟುಹೋದ ಸೈಕಲ್ ಇರಬಹುದು. ಒಮ್ಮೆ ಧೂಳು ಕೊಡವಿ, ಗಾಳಿ ಹಾಕಿಸಿ. ಜೊತೆಗೆ ಯಾರನ್ನು ಕರೆಯುವುದು ಎಂದು ಯೋಚಿಸುವಾಗ, ಬಹಳ ದಿನದಿಂದ ಕರೆಯದೆ ಬಿಟ್ಟವರ ಹೆಸರನ್ನೂ ಒಂದು ಸಾರಿ ನೆನೆಸಿಕೊಳ್ಳಿ. ಹೋಗಿ ಬನ್ನಿ, ಬಂದ ಮೇಲೆ ನಮಗೂ ಬರೆಯಿರಿ.